ವಾರ್ಡ್ ಆಫೀಸಿನ ಆರೋಗ್ಯ ಕಡತ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೀರು, ಹೊಗೆ, ಸೊಳ್ಳೆ, ಕಸ ಇವುಗಳ ಬಗ್ಗೆ ಪಾಲಿಕೆಯಲ್ಲಿರುವ ದಾಖಲೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಪಡೆಯುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಪ್ರಶ್ನೆ: ಕೆಳಗಿನ ಹೋಟೆಲಿನ ಅಡುಗೆಮನೆ ಹೊಗೆ ನಮ್ಮ ಮೂರನೇ ಮಹಡಿಗೆ ನುಗ್ಗುತ್ತದೆ. ವಾರ್ಡ್ ಆಫೀಸಿಗೆ ದೂರು ಕೊಟ್ಟು ಕೊಟ್ಟು ಸಾಕಾಯಿತು. ‘ಇನ್ನೂ ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಆರ್‌ಟಿಐ ಹಾಕಿದರೆ ‘ಇದು ಮಾಹಿತಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ’ ಎಂದು ಒಂದೇ ಸಾಲಿನ ಉತ್ತರ ಬಂತು. (ಮಾಟುಂಗಾ)

ಉತ್ತರ: ಬೇಸರವಾದರೂ ಆ ಉತ್ತರ ಕಾನೂನಿಗೆ ಸರಿಯಾಗಿಯೇ ಇದೆ. ‘ಯಾಕೆ’ ಎಂಬುದಕ್ಕೆ ಕಾರಣ ಹುಡುಕಿ ಬರೆದುಕೊಡುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲವೆಂದು ಗೋವಾದ ಪ್ರಕರಣವೊಂದರಲ್ಲಿ ಮುಂಬೈ ಹೈಕೋರ್ಟ್ 2008ರಲ್ಲೇ ಹೇಳಿದೆ. ಕಡತದಲ್ಲಿ ಏನಿದೆಯೋ ಅದನ್ನಷ್ಟೇ ಕೊಡುತ್ತಾರೆ. ಆದ್ದರಿಂದ ಪ್ರಶ್ನೆ ಬಿಟ್ಟು ಕಾಗದದ ಹೆಸರು ಹಿಡಿದು ಕೇಳಿ.

ನಿಮ್ಮ ವಿಷಯದಲ್ಲಿ ಇರಬೇಕಾದ ಕಾಗದಗಳು ಇವು: ನಿಮ್ಮ ದೂರು ಆವಕ್ (ಬಂದ ಪತ್ರಗಳ) ರಿಜಿಸ್ಟರಿನಲ್ಲಿ ದಾಖಲಾದ ಪುಟ, ಸ್ಯಾನಿಟರಿ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಬಂದು ಬರೆದ ತಪಾಸಣಾ ವರದಿ, ಹೋಟೆಲಿಗೆ ಕೊಟ್ಟ ನೋಟಿಸುಗಳು, ಅದಕ್ಕೆ ಹೋಟೆಲಿನವರ ಉತ್ತರ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮುಂಬೈ ಮಹಾನಗರಪಾಲಿಕೆ ಕಾಯ್ದೆಯ 394ನೇ ಕಲಮಿನಡಿ ಕೊಟ್ಟ ಆರೋಗ್ಯ ಲೈಸೆನ್ಸಿನ ಪ್ರತಿ, ಷರತ್ತುಗಳು ಮತ್ತು ಮಂಜೂರಾದ ನಕ್ಷೆಯ ಸಮೇತ. ಚಿಮಣಿಯ ಬಗ್ಗೆ ಷರತ್ತೇನಿದೆ ಎಂದು ಅದರಲ್ಲೇ ನೋಡಬೇಕು. ಆ ಷರತ್ತು ಕೈಯಲ್ಲಿದ್ದರೆ ಮುಂದಿನ ದೂರಿಗೆ ಬಲ ಬರುತ್ತದೆ.

ಬರೆಯುವ ಧಾಟಿ ಹೀಗಿರಲಿ: ‘ಇಂಥ ವಿಳಾಸದ ಇಂಥ ಹೋಟೆಲಿಗೆ ಸಂಬಂಧಿಸಿ, 1 ಏಪ್ರಿಲ್ 2024ರಿಂದ ಅರ್ಜಿಯ ದಿನದವರೆಗಿನ, ಮೇಲೆ ಹೇಳಿದ ದಾಖಲೆಗಳ ದೃಢೀಕರಿಸಿದ ಪ್ರತಿ ಕೊಡಿ.’ ಅರ್ಜಿ ಜೋಡಪತ್ರ (ಅನುಬಂಧ) ‘ಅ’ ನಮೂನೆಯಲ್ಲಿರಬೇಕು. ಅದರಲ್ಲಿ ವಿಷಯ, ಅವಧಿ, ವಿವರ ಎಂಬ ಮೂರು ಕಾಲಮುಗಳಿವೆ. ಅವಧಿ ಬರೆಯದೆ ಬಿಡುವವರೇ ಹೆಚ್ಚು, ಅರ್ಜಿ ಎಡವುವುದೂ ಅಲ್ಲೇ. ಒಂದು ಅರ್ಜಿಗೆ ಒಂದೇ ವಿಷಯ, ಹೆಚ್ಚೆಂದರೆ ಸುಮಾರು 150 ಪದ: ಇದು ಮಹಾರಾಷ್ಟ್ರದ 2012ರ ನಿಯಮ. ಹೊಗೆಯ ಜೊತೆಗೆ ಕಸ, ಚರಂಡಿ ಎಲ್ಲ ತುರುಕಿದರೆ ಮೊದಲನೆಯದಕ್ಕೆ ಮಾತ್ರ ಉತ್ತರಿಸಿ, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಶುಲ್ಕ 10 ರೂಪಾಯಿ. ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸುವುದು ಸುಲಭ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಯಾಕೆ ಬೇಕೆಂದು ಕಾರಣ ಹೇಳಬೇಕಿಲ್ಲ. ಕೌಂಟರಿನಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸಿಕ್ಕಾ (ಕಚೇರಿಯ ಮುದ್ರೆ) ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.

ಲೈಸೆನ್ಸ್ ಎಂದರೆ ‘ಮೂರನೆಯವರ ಮಾಹಿತಿ’ ಎಂದು ತಳ್ಳಿಹಾಕಲು ನೋಡುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯ 11ನೇ ಕಲಮಿನಂತೆ ಹೋಟೆಲಿನವರಿಗೆ 5 ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಆಕ್ಷೇಪಿಸಲು 10 ದಿನ, ಒಟ್ಟು 40 ದಿನದಲ್ಲಿ ತೀರ್ಮಾನ. ಅವರು ಬೇಡವೆಂದ ಮಾತ್ರಕ್ಕೆ ಮಾಹಿತಿ ನಿಲ್ಲುವುದಿಲ್ಲ, ತೀರ್ಮಾನ ಅಧಿಕಾರಿಯದೇ. ಮಾಲೀಕರ ಫೋನು, ಆಧಾರ್ ಸಂಖ್ಯೆ ಇದ್ದರೆ 10ನೇ ಕಲಮಿನಂತೆ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಲು ಬರುತ್ತದೆ, ಅದನ್ನು ಅರ್ಜಿಯಲ್ಲೇ ಬರೆದುಬಿಡಿ. ಇನ್ನೊಂದು ಮಾತು: ಮಾಟುಂಗಾದಲ್ಲಿ ಹೋಟೆಲಿನವರು ಎಷ್ಟೋ ಕಡೆ ನಮ್ಮ ಊರಿನವರೇ. ನೋಟಿಸ್ ಹೋದ ಮೇಲೆ ಅರ್ಜಿ ಯಾರದೆಂದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು.

ಆಹಾರದ ಸ್ಯಾಂಪಲ್ ವರದಿ ಬೇಕಾದರೆ ವಾರ್ಡಿನಲ್ಲಿ ಹುಡುಕಬೇಡಿ. ಅದು ರಾಜ್ಯದ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) ಕೆಲಸ. ಕಾರ್ಖಾನೆಯ ಹೊಗೆಯಾದರೆ ಸಯನ್‌ನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೂ ಕಾಯ್ದೆಯ 6(3)ನೇ ಕಲಮಿನಂತೆ 5 ದಿನದೊಳಗೆ ಅವರೇ ಸರಿಯಾದ ಕಡೆಗೆ ಕಳಿಸಬೇಕು.

ಪ್ರಶ್ನೆ: ನಲ್ಲಿಯಲ್ಲಿ ಕಲಕು ನೀರು, ಗಟಾರದ ವಾಸನೆ. ಪಾಲಿಕೆಯ ನೀರಿನ ಪರೀಕ್ಷಾ ವರದಿ 48 ಗಂಟೆಯಲ್ಲಿ ಸಿಗುತ್ತದಂತೆ, ನಿಜವೇ? (ಭಾಂಡುಪ್)

ಉತ್ತರ: 48 ಗಂಟೆಯ ಅವಕಾಶ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ ಮಾತ್ರ. ಅದನ್ನು ನೆಚ್ಚಿ ಕೂರಬೇಡಿ. ಮೊದಲು ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ, ಸ್ಯಾಂಪಲ್ ತೆಗೆಯಲು ಹೇಳಿ, ನೀರು ಕುದಿಸಿ ಕುಡಿಯಿರಿ. ದಾಖಲೆ ಕೇಳುವುದು ಆಮೇಲಿನ ಕೆಲಸ.

ಸ್ಯಾಂಪಲ್ ತೆಗೆಯುವಾಗ ಯಾರಾದರೂ ಹತ್ತಿರ ನಿಂತು ನೋಡಿ. ರೋಗಾಣು ಪರೀಕ್ಷೆಯ ಬಾಟ್ಲಿ ಶುದ್ಧೀಕರಿಸಿದ್ದಾಗಿರಬೇಕು, ಅದರಲ್ಲಿ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಇಲ್ಲದಿದ್ದರೆ ನೀರಿನಲ್ಲಿರುವ ಕ್ಲೋರಿನ್ ದಾರಿಯುದ್ದಕ್ಕೂ ರೋಗಾಣುಗಳನ್ನು ಕೊಲ್ಲುತ್ತಲೇ ಇರುತ್ತದೆ, ಲ್ಯಾಬಿಗೆ ಹೋಗುವಷ್ಟರಲ್ಲಿ ಕೆಟ್ಟ ನೀರೂ ಒಳ್ಳೆಯದಾಗಿ ಕಾಣುತ್ತದೆ. ಬಾಟ್ಲಿಯನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಎಲ್ಲಿಂದ ತೆಗೆದರು ಎಂಬುದಂತೂ ಬಹಳ ಮುಖ್ಯ. ಪಾಲಿಕೆಯ ಪೈಪಿನಿಂದ ಸೊಸೈಟಿಯ ನೆಲದಡಿಯ ಟಾಕಿಗೆ (ಟ್ಯಾಂಕಿಗೆ) ಬೀಳುವ ಮೊದಲೇ ಒಂದು, ಮೇಲಿನ ಟಾಕಿಯಿಂದ ಬರುವ ಮನೆಯ ನಲ್ಲಿಯಿಂದ ಒಂದು, ಹೀಗೆ ಎರಡು ಬೇಕು. ಮೊದಲನೆಯದು ಸರಿಯಿದ್ದು ಎರಡನೆಯದು ಕೆಟ್ಟಿದ್ದರೆ ತಪ್ಪು ನಿಮ್ಮ ಟಾಕಿಯದು. ಆಗ ಪಾಲಿಕೆಯನ್ನು ಬೈದು ಉಪಯೋಗವಿಲ್ಲ.

ಅರ್ಜಿಯಲ್ಲಿ ‘ನಮ್ಮ ಏರಿಯಾದ ನೀರಿನ ವರದಿ’ ಎಂದರೆ ‘ಯೋಗ್ಯ’ ಎಂಬ ಒಂದು ಪದ ಬರಬಹುದು. ಸ್ಯಾಂಪಲ್ ನಂಬರ್, ತೆಗೆದ ಜಾಗ, ತೆಗೆದ ಮತ್ತು ಲ್ಯಾಬಿಗೆ ತಲುಪಿದ ಸಮಯ, ನೀರಿನಲ್ಲಿ ಉಳಿದಿರುವ ಕ್ಲೋರಿನ್, ಕೋಲಿಫಾರ್ಮ್ ಮತ್ತು ಇ. ಕೋಲಿ (ನೀರಿಗೆ ಕೊಳೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಅಂಕಿಗಳಿರುವ ಮೂಲ ವರದಿಯ ಪ್ರತಿ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಂತೆ 100 ಮಿಲಿ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಉಳಿದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ಪ್ರಶ್ನೆ: 2025ರ ಜನವರಿಯ ಜಿಬಿಎಸ್ (ಗಿಲ್ಲನ್-ಬಾರಿ ಸಿಂಡ್ರೋಮ್ ಎಂಬ ನರಗಳ ಕಾಯಿಲೆ) ಹಾವಳಿಯ ನಂತರ ನಮ್ಮ ಭಾಗದ ಟ್ಯಾಂಕರ್, ಆರ್‌ಓ ಘಟಕಗಳ ನೀರಿನ ಪರೀಕ್ಷೆ ದಾಖಲೆ ಕೇಳಿದೆ. ‘ಮಾಹಿತಿ ತುಂಬಾ ಇದೆ, ಕಚೇರಿಗೆ ಬಂದು ನೋಡಿ’ ಎಂದು ಬರೆದಿದ್ದಾರೆ. ಇದು ಸಾಗಹಾಕುವ ಉಪಾಯವೇ? (ಧಾಯರಿ, ಪುಣೆ)

ಉತ್ತರ: ಇರಬಹುದು, ಆದರೂ ಹೋಗಿ. ಒಂದು ಕಾಗದ ಕೇಳಿದರೆ ಒಂದೇ ಕಾಗದ ಬರುತ್ತದೆ, ಕಡತವನ್ನೇ ನೋಡಿದರೆ ಅದರ ಹಿಂದುಮುಂದೂ ಕಾಣುತ್ತದೆ. ಕಡತದಲ್ಲಿ ಪತ್ರಗಳ ಭಾಗ ಬೇರೆ, ಟಿಪ್ಪಣಿಗಳ ಭಾಗ ಬೇರೆ. ಯಾವ ಅಧಿಕಾರಿ ಯಾವಾಗ ಏನು ಬರೆದು ಮೇಲೆ ಕಳಿಸಿದರು ಎಂಬುದು ಟಿಪ್ಪಣಿಯಲ್ಲಿರುತ್ತದೆ, ಎರಡನ್ನೂ ತೋರಿಸಲು ಹೇಳಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಇದೂ 2012ರ ನಿಯಮವೇ, ಜಗಳ ಬೇಡ. ಬೇಕಾದ ಪುಟಗಳ ನಂಬರ್ ಬರೆದುಕೊಂಡು, ಆ ಪಟ್ಟಿಯನ್ನು ಅಲ್ಲೇ ಲಿಖಿತವಾಗಿ ಕೊಟ್ಟು ಸಿಕ್ಕಾ ಹಾಕಿಸಿ. ಪುಟಗಳಿಗೆ ನಂಬರೇ ಹಾಕಿಲ್ಲದಿದ್ದರೆ ಅದನ್ನೂ ಆ ಪತ್ರದಲ್ಲಿ ಬರೆಯಿರಿ. ನಂಬರಿಲ್ಲದ ಕಡತದಿಂದ ಒಂದು ಹಾಳೆ ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಅರ್ಜಿ ಕನ್ನಡದಲ್ಲಿ ಬರೆಯಬಹುದೇ? (ಮುಲುಂಡ್)

ಉತ್ತರ: ಇಲ್ಲ. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ, ಅಂದರೆ ಇಲ್ಲಿ ಮರಾಠಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕು.

ಪ್ರಶ್ನೆ: ಸೊಳ್ಳೆ ಔಷಧ ಸಿಂಪಡಿಸಿದ ದಾಖಲೆ ಕೇಳಿ ತಿಂಗಳು ಕಳೆದರೂ ಉತ್ತರವಿಲ್ಲ. (ಘಾಟ್ಕೋಪರ್)

ಉತ್ತರ: 30 ದಿನ ಮುಗಿದ ಮರುದಿನದಿಂದ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಜೋಡಪತ್ರ ‘ಬ’, 20 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್. ಅದಕ್ಕೂ ಮೊದಲು ಟಪಾಲು ನೋಡಿ: ‘ಇಷ್ಟು ಪುಟಕ್ಕೆ ಇಷ್ಟು ಹಣ ಕಟ್ಟಿ’ ಎಂಬ ಪತ್ರ ಬಂದಿದ್ದರೆ, ಪತ್ರ ಕಳಿಸಿದಾಗಿನಿಂದ ನೀವು ಹಣ ಕಟ್ಟುವವರೆಗಿನ ದಿನಗಳು 30ರಲ್ಲಿ ಸೇರುವುದಿಲ್ಲ. ಅಂಥ ಪತ್ರ ಬಾರದೆ ಗಡುವು ದಾಟಿದ್ದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು, ಮೇಲ್ಮನವಿಯಲ್ಲಿ ಕಾಯ್ದೆಯ 7(6)ನೇ ಕಲಮು ಎಂದು ನಮೂದಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಅಲ್ಲಿ ಸರದಿ ಉದ್ದವಿರುತ್ತದೆ, ಆದ್ದರಿಂದ ಮೊದಲ ಮೇಲ್ಮನವಿಯನ್ನೇ ತಾರೀಖು, ಲಗತ್ತು ಸಮೇತ ಗಟ್ಟಿಯಾಗಿ ಬರೆಯಿರಿ.

ಪ್ರಶ್ನೆ: ಸೊಸೈಟಿಯ ಟಾಕಿ ತೊಳೆದ ಬಿಲ್ಲು ಆರ್‌ಟಿಐನಲ್ಲಿ ಸಿಗುತ್ತದೆಯೇ? (ಡೊಂಬಿವ್ಲಿ)

ಉತ್ತರ: ಸೊಸೈಟಿಯಿಂದ ನೇರವಾಗಿ ಸಿಗುವುದಿಲ್ಲ. ಸಹಕಾರಿ ಸಂಘಗಳು ಸಾಮಾನ್ಯವಾಗಿ ಈ ಕಾಯ್ದೆಯಡಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸದಸ್ಯರಾಗಿದ್ದರೆ ಕಾರ್ಯದರ್ಶಿಗೆ ಲಿಖಿತವಾಗಿ ಕೇಳಿ ಸಮಿತಿಯ ಸಭೆಯ ನಡಾವಳಿ ನೋಡಿ, ಬಿಲ್ ಮಂಜೂರಾಗಿದ್ದರೆ ಅಲ್ಲಿ ಬರೆದಿರುತ್ತದೆ.