ಅಕ್ಷರ ಓದುವ ಮಗು ಬಾಗಿಲಿಗೆ ಯಾಕೆ ಡಿಕ್ಕಿ ಹೊಡೆಯುತ್ತೆ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಮೆದುಳಿನಲ್ಲಿ ಕ್ರೇನಿಯೋಫ್ಯಾರಿಂಜಿಯೋಮ ಗಡ್ಡೆ ಇದೆ ಅಂತ ಆಪರೇಷನ್ ಆಯಿತು. ಎಂಆರ್‌ಐ ಕ್ಲೀನ್ ಇದೆ. ಕಣ್ಣು 6/9, ಹೆಚ್ಚುಕಡಿಮೆ ಸರಿಯಿದೆ ಅಂತಾರೆ. ಆದರೂ ಬಾಗಿಲಿಗೆ, ಮೇಜಿನ ಮೂಲೆಗೆ ಡಿಕ್ಕಿ ಹೊಡೆಯುತ್ತಾಳೆ. ಮೂರು ಸಲ ಕನ್ನಡಕ ಬದಲಿಸಿದೆವು. ಟೀಚರ್ ‘ಗಮನವಿಲ್ಲ’ ಅಂತ ಬೈಯುತ್ತಾರೆ. ದೃಷ್ಟಿ ಪೂರ್ತಿ ಯಾವಾಗ ಬರುತ್ತೆ?

ಉತ್ತರ: ಮೊದಲು, ನಾಲ್ಕನೇ ಕನ್ನಡಕ ಮಾಡಿಸಬೇಡಿ. ಇಂಥ ಪ್ರಶ್ನೆ ಬಂದಾಗಲೆಲ್ಲ ಜೊತೆಗೆ 6/9 ಅಂತ ಬರೆದ ಚೀಟಿ ಇರುತ್ತೆ, ನನಗೆ ರೇಗುತ್ತೆ. ಆ ಚೀಟಿ ಹೇಳುವುದು ನೇರ ಎದುರಿಗಿನ ನೋಟ ಎಷ್ಟು ಚುರುಕು ಅಂತ ಮಾತ್ರ. ಅಕ್ಕಪಕ್ಕ ಎಷ್ಟು ಕಾಣುತ್ತೆ ಅಂತ ಹೇಳುವುದೇ ಇಲ್ಲ.

ಎರಡೂ ಕಣ್ಣಿನ ನರಗಳು ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲೆ ಒಂದು ಕಡೆ ಸೇರುತ್ತವೆ. ಮೂಗಿನ ಬದಿಯ ಎಳೆಗಳು ಅಲ್ಲಿ ಆಚೀಚೆ ದಾಟುತ್ತವೆ. ಹೊರಬದಿಯ ನೋಟ ಹೊತ್ತು ತರುವುದು ಅವೇ. ಈ ಗಡ್ಡೆ ಹುಟ್ಟುವುದೂ ಅದೇ ಜಾಗದಲ್ಲಿ. ಒತ್ತಿ ಒತ್ತಿ ಆ ಎಳೆಗಳು ಹಾಳಾದರೆ ಎಡಗಣ್ಣಿಗೆ ಎಡಬದಿ, ಬಲಗಣ್ಣಿಗೆ ಬಲಬದಿ ಕಾಣುವುದಿಲ್ಲ. ಮಗುವಿಗೆ ಅದು ಗೊತ್ತೂ ಆಗುವುದಿಲ್ಲ, ಹೇಳುವುದೂ ಇಲ್ಲ.

ಮನೆಯಲ್ಲೇ ನೋಡಿ. ಮಗಳ ಮೂಗಿನ ಮುಂದೆ ಒಂದು ಪೆನ್ನು, ಅದರ ಹಿಂದೆ ಒಂದಡಿ ದೂರದಲ್ಲಿ ಇನ್ನೊಂದು ಹಿಡಿಯಿರಿ. ಹತ್ತಿರದ್ದನ್ನೇ ದಿಟ್ಟಿಸು ಅನ್ನಿ. ಹಿಂದಿನದು ಎರಡೂ ಕಣ್ಣಿನ ಕಾಣದ ಹೊರಬದಿಗೆ ಬಿದ್ದು ಮಾಯವಾಗಬಹುದು. ಸೂಜಿಗೆ ದಾರ ಪೋಣಿಸಲು ಒದ್ದಾಡುವುದೂ ಇದಕ್ಕೇ. ಇದನ್ನು ಗಮನವಿಲ್ಲ ಅಂದರೆ ಹೇಗೆ?

ಫೀಲ್ಡ್ ಟೆಸ್ಟ್ (ಬೆಳಕಿನ ಚುಕ್ಕೆ ಕಂಡಾಗ ಬಟನ್ ಒತ್ತಿಸಿ ಅಕ್ಕಪಕ್ಕದ ನೋಟ ಅಳೆಯುವುದು), ಓಸಿಟಿ (ಕಣ್ಣಿನ ನರದ ಎಳೆ ಎಷ್ಟು ಉಳಿದಿದೆ ಅಂತ ತೋರಿಸುವ ಸ್ಕ್ಯಾನ್) ಎರಡೂ ಮಾಡಿಸಿ. ಫೀಲ್ಡ್ ಟೆಸ್ಟಿನಲ್ಲಿ ಮಕ್ಕಳು ಮೊದಲ ಸಲ ಬಟನ್ ಒತ್ತುತ್ತಾ ತೂಕಡಿಸುತ್ತಾರೆ. ಎರಡನೇ ಸಲದ ರಿಪೋರ್ಟ್ ನಂಬಿ.

ಇನ್ನು ‘ಯಾವಾಗ ಬರುತ್ತೆ?’ ಬರುವ ಸುಧಾರಣೆ ಹೆಚ್ಚಾಗಿ ಆಪರೇಷನ್ ಆದ ಮೊದಲ ವಾರ, ತಿಂಗಳುಗಳಲ್ಲೇ ಬಂದುಬಿಡುತ್ತೆ. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ. ಎರಡು ವರ್ಷದ ನಂತರ ಪೂರ್ತಿ ಬರುತ್ತೆ ಅಂತ ನಾನಂತೂ ಸುಳ್ಳು ಹೇಳಲಾರೆ. ಉಳಿದಿದ್ದನ್ನು ಕಾಯಬೇಕು. ಈ ಗಡ್ಡೆ ಮರುಕಳಿಸುವ ಜಾತಿಯದ್ದು. ನಾನು ಸ್ವಲ್ಪ ಪುಕ್ಕಲು. ಎಂಆರ್‌ಐ ಕ್ಲೀನ್ ಇದ್ದರೂ ಆರು ತಿಂಗಳಿಗೊಮ್ಮೆ ಕಣ್ಣು ನೋಡಲೇಬೇಕು ಅನ್ನುತ್ತೇನೆ.

ಕ್ಲಾಸಿನಲ್ಲಿ ಮುಂದಿನ ಬೆಂಚಿನ ಮೂಲೆ ಬೇಡ. ಮಧ್ಯದ ಸಾಲಿನಲ್ಲಿ ಒಂದೆರಡು ಬೆಂಚು ಹಿಂದೆ ಕೂರಿಸಿ, ಬೋರ್ಡ್ ಜಾಸ್ತಿ ಕಾಣುತ್ತೆ. ರಸ್ತೆಯಲ್ಲಿ ಸೈಕಲ್ ಬೇಡ. ದಾಟುವಾಗ ತಲೆಯನ್ನೇ ಎರಡೂ ಕಡೆ ತಿರುಗಿಸಲು ಕಲಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನೋಟದ ವ್ಯಾಪ್ತಿ ಕಿರಿದಾಗಿರುವುದೂ ಲೆಕ್ಕಕ್ಕಿದೆ. ಸರ್ಟಿಫಿಕೇಟಿಗೆ ಹೋಗುವಾಗ ಫೀಲ್ಡ್ ರಿಪೋರ್ಟ್ ಮರೆಯಬೇಡಿ.

ಪ್ರಶ್ನೆ: ಹೊನಗೊನ್ನೆ ಸೊಪ್ಪು ತಿಂದರೆ ನರ ಸರಿ ಹೋಗುತ್ತಾ?

ಉತ್ತರ: ಇಲ್ಲ. ಪಲ್ಯ ಚೆನ್ನಾಗಿರುತ್ತೆ, ತಿನ್ನಿಸಿ.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಕೊಡಿಸೋಣವಾ?

ಉತ್ತರ: ಕಣ್ಣಿನ ನರಕ್ಕೆ ಹಾಗೊಂದು ಸಾಬೀತಾದ ಚಿಕಿತ್ಸೆಯೇ ಇಲ್ಲ. ಹೊಲ ಮಾರಬೇಡಿ.

ಪ್ರಶ್ನೆ: ಮಗುವಿನ ಕಣ್ಣಿಗೆ ಜೇನು ಹಾಕಿದರೆ ನೋಟ ತಿಳಿಯಾಗುತ್ತೆ ಅಂದರು.

ಉತ್ತರ: ದೋಸೆಗೆ ಹಾಕಿ.

ಪ್ರಶ್ನೆ: ಐದು ವರ್ಷದ ಮಗನಿಗೆ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬಂದಿದೆ. ಬೆಳಗ್ಗೆ ತಲೆನೋವು, ವಾಂತಿ. ಮೆಳ್ಳೆಗಣ್ಣು ಅದೃಷ್ಟ ಅಂತಾರೆ ಅಜ್ಜಿ. ತೋರಿಸಬೇಕಾ?

ಉತ್ತರ: ಅಜ್ಜಿಗೆ ನಮಸ್ಕಾರ ಹೇಳಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ.