ಓಟಕ್ಕೆ ಕೊಬ್ಬೊಂದೇ ಸಾಕೇ?

ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಂಥವುಗಳಲ್ಲಿರುವ ಕಾರ್ಬೋಹೈಡ್ರೇಟ್) ಬಿಟ್ಟ ಮೇಲೆ ನಿಧಾನದ ಓಟ ಎರಡು ಗಂಟೆ ಆದರೂ ಆರಾಮ, ಆದರೆ ಇಂಟರ್ವಲ್‌ನಲ್ಲಿ (ಬಿಟ್ಟು ಬಿಟ್ಟು ಜೋರಾಗಿ ಓಡುವ ಅಭ್ಯಾಸ) ಮೂರನೇ ಸುತ್ತಿಗೇ ಕಾಲು ಏಳುತ್ತಿಲ್ಲ, ಹೊಂದಿಕೊಳ್ಳಲು ಇನ್ನಷ್ಟು ಕಾಯಬೇಕೇ ಅಂತ ಕೇಳಿದ್ದೀರಿ. ಕಾದರೂ ಪೂರ್ತಿ ಸರಿಹೋಗೋದು ಅನುಮಾನ.

ಕೊಬ್ಬಿನ ದಾಸ್ತಾನು ತೆಳ್ಳಗಿರುವವರಲ್ಲೂ ಹತ್ತಾರು ಸಾವಿರ ಕ್ಯಾಲೊರಿಯಷ್ಟಿದೆ. ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಕಾರ್ಬ್, ಸ್ನಾಯು, ಯಕೃತ್ತು ಎಲ್ಲ ಸೇರಿ ಸುಮಾರು 500 ಗ್ರಾಂ ಅಷ್ಟೇ. ಹಾಗಂತ ಕೊಬ್ಬೇ ಮೇಲು ಅನ್ನೋ ಹಾಗಿಲ್ಲ. ಅದು ನಿಧಾನವಾಗಿ ಉರಿಯುತ್ತೆ, ಅಷ್ಟೇ ಶಕ್ತಿಗೆ ಹೆಚ್ಚು ಆಮ್ಲಜನಕವನ್ನೂ ಕೇಳುತ್ತೆ. ಏದುಸಿರು ಬಿಡುವಾಗ ಕೊರತೆ ಇರೋದೇ ಆಮ್ಲಜನಕಕ್ಕೆ!

2017ರಲ್ಲಿ ಪ್ರಕಟವಾದ ಕ್ರೀಡಾ ಪೋಷಣೆಯ ತಜ್ಞೆ ಲೂಯಿಸ್ ಬರ್ಕ್ ತಂಡದ ಅಧ್ಯಯನದಲ್ಲಿ ನುರಿತ ನಡಿಗೆ ಸ್ಪರ್ಧಿಗಳ ಒಂದು ಗುಂಪು ಮೂರು ವಾರ ಕೀಟೋ (ಕಾರ್ಬ್ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಆಹಾರ) ಮಾಡಿತು. ಕೊಬ್ಬು ಉರಿಸುವ ಸಾಮರ್ಥ್ಯ ಭರ್ಜರಿಯಾಗಿ ಏರಿತು. ಆದರೆ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬೇಕಾಯಿತು. ಕಾರ್ಬ್ ತಿಂದವರು 10 ಕಿ.ಮೀ. ಸಮಯ ಸುಧಾರಿಸಿಕೊಂಡರೆ ಕೀಟೋ ಗುಂಪಿಗೆ ಆ ಲಾಭ ಸಿಗಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇಂಟರ್ವಲ್ ದಿನ, ಅದರ ಹಿಂದಿನ ರಾತ್ರಿ ಕಾರ್ಬ್ ಚೆನ್ನಾಗಿ ತಿನ್ನುತ್ತಿದ್ದೆ. ಹಗುರ ಓಟದ ದಿನ ಕಡಿಮೆ. ಸ್ಪರ್ಧೆ ಒಂದು ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್, ಅದನ್ನೂ ಅಭ್ಯಾಸದಲ್ಲೇ ಹೊಟ್ಟೆಗೆ ರೂಢಿ ಮಾಡಿಸಿ.

ಆರೋಗ್ಯದ ಮಾತು ಬೇರೆ. ಅಲ್ಲಿ ಕಾರ್ಬೋ ಕೊಬ್ಬೋ ಅನ್ನೋದಕ್ಕಿಂತ ಯಾವ ಕಾರ್ಬ್, ಯಾವ ಕೊಬ್ಬು ಅನ್ನೋದು ಮುಖ್ಯ. ಕೀಟೋದಲ್ಲಿ ಕೆಲವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ವಿಪರೀತ ಏರುತ್ತೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬೇಡಿ.