ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನು ಚಿತ್ರಗಳ ಮೂಲಕ ಕಲಿಸಬಹುದೇ?

ನಿಮ್ಮ ಐದನೆಯ ತರಗತಿಯ ಮಕ್ಕಳು ಟೆನ್ಸ್‌ಗಳ ಹೆಸರು, ನಿಯಮ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಸ್ವಂತವಾಗಿ ಒಂದು ವಾಕ್ಯ ಹೇಳಬೇಕೆಂದರೆ ತಡವರಿಸುತ್ತಾರೆ, ಚಿತ್ರಗಳನ್ನು ಬಳಸಿದರೆ ಇದು ಸರಿಹೋಗುವುದೇ ಎಂದು ಕೇಳಿದ್ದೀರಿ. ಇದೇ ವಯಸ್ಸಿನ ಮಕ್ಕಳಿಗೆ ಹಲವು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವ ನನ್ನ ಅನುಭವದಲ್ಲಿ ಖಂಡಿತ ಸರಿಹೋಗುತ್ತದೆ. ಆದರೆ ಬರಿದೇ ಚಿತ್ರ ತೋರಿಸಿದರೆ ಸಾಲದು. ಒಂಟಿ ಚಿತ್ರ ಕಲಿಸುವುದು ಪದವನ್ನು. ವ್ಯಾಕರಣ ಕಲಿಸಬೇಕಾದರೆ, ಉಳಿದೆಲ್ಲದರಲ್ಲೂ ಒಂದೇ ಆಗಿದ್ದು ಒಂದೇ ಒಂದು ಅಂಶದಲ್ಲಿ ಬೇರೆಯಾಗಿರುವ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಬೇಕು. ಆ ವ್ಯತ್ಯಾಸವನ್ನು ಹೇಳಲು ಹೊರಟ ಮಗುವಿಗೆ ವ್ಯಾಕರಣದ ಅಗತ್ಯ ತಾನಾಗಿಯೇ ಬೀಳುತ್ತದೆ.

ಮೊದಲು ಪದಕ್ರಮವನ್ನು ತೆಗೆದುಕೊಳ್ಳಿ, ಏಕೆಂದರೆ ಕನ್ನಡ ಮನೆಮಾತಿನ ಮಕ್ಕಳು ಎಡವುವುದು ಇಲ್ಲಿಂದಲೇ. ‘ನಾಯಿ ಬೆಕ್ಕನ್ನು ಅಟ್ಟಿಸಿಕೊಂಡು ಹೋಯಿತು’ ಎಂದರೂ ‘ಬೆಕ್ಕನ್ನು ನಾಯಿ ಅಟ್ಟಿಸಿಕೊಂಡು ಹೋಯಿತು’ ಎಂದರೂ ಮುಂದೆ ಓಡುವುದು ಬೆಕ್ಕೇ. ಯಾರು ಯಾರನ್ನು ಎಂಬುದನ್ನು ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಸ್ಥಾನವೇ ಮಾಡಬೇಕು. ಇದನ್ನು ಮಕ್ಕಳಿಗೆ ವಿವರಿಸುವ ಬದಲು ಹಲಗೆಯ ಮೇಲೆ ಎರಡು ಚೌಕ ಎಳೆದು, ಒಂದರಲ್ಲಿ ಬೆಕ್ಕಿನ ಹಿಂದೆ ಓಡುವ ನಾಯಿಯನ್ನು, ಇನ್ನೊಂದರಲ್ಲಿ ನಾಯಿಯ ಹಿಂದೆ ಓಡುವ ಬೆಕ್ಕನ್ನು ಬರೆಯಿರಿ. ‘ದಿ ಡಾಗ್ ಈಸ್ ಚೇಸಿಂಗ್ ದಿ ಕ್ಯಾಟ್’ ಎಂದು ಹೇಳಿ, ಯಾವ ಚೌಕ ಎಂದು ಕೇಳಿ. ಬಳಿಕ ಎರಡು ಪ್ರಾಣಿಗಳ ಹೆಸರನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಕೇಳಿ. ಪದಗಳೆಲ್ಲ ಅವೇ ಆಗಿದ್ದರೂ ತಾವು ತೋರಿಸುವ ಬೆರಳು ಇನ್ನೊಂದು ಚೌಕಕ್ಕೆ ಸರಿಯಬೇಕಾಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಇಲ್ಲಿ ನೆರವಾಗುವ ಒಂದು ಹಳೆಯ ಉಪಾಯವಿದೆ. ಶಿಕ್ಷಣ ಚಿಂತಕ ಕೊಮೇನಿಯಸ್ 1658ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಲ್ಯಾಟಿನ್–ಜರ್ಮನ್ ಸಚಿತ್ರ ಪುಸ್ತಕದಲ್ಲಿ, ಚಿತ್ರದ ಭಾಗಗಳಿಗೆ ಅಂಕಿ ಹಾಕಿ ಪಠ್ಯದಲ್ಲಿ ಆಯಾ ಹೆಸರಿನ ಪಕ್ಕದಲ್ಲೂ ಅದೇ ಅಂಕಿಯನ್ನು ಕೊಟ್ಟಿದ್ದ. ಅದನ್ನೇ ಸ್ವಲ್ಪ ಬದಲಿಸಿ, ಚಿತ್ರದಲ್ಲಿ ಕೆಲಸ ಮಾಡುವವರಿಗೆ 1, ಕೆಲಸಕ್ಕೆ 2, ಕೆಲಸಕ್ಕೆ ಒಳಗಾಗುವುದಕ್ಕೆ 3 ಎಂದು ಹಾಕಿದರೆ, ಕರ್ತೃ, ಕ್ರಿಯೆ, ಕರ್ಮ ಎಂಬ ಹೆಸರುಗಳನ್ನು ಎತ್ತದೆಯೇ ಇಂಗ್ಲಿಷ್ ವಾಕ್ಯದ ಕ್ರಮ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ. ಪಾರಿಭಾಷಿಕ ಪದಗಳನ್ನು ಕೊನೆಗೆ ಹೇಳುವುದೇ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ; ಪರಿಚಯವಾದ ಸಂಗತಿಗೆ ಹೆಸರಿಡುವುದು ಸುಲಭ.

ಟೆನ್ಸ್‌ಗೆ ಬಂದರೆ, ಒಂದೇ ಸಾಲಿನಲ್ಲಿ ಮೂರು ಚಿತ್ರ ಬೇಕು. ಮೊದಲನೆಯದರಲ್ಲಿ ಹುಡುಗಿ ತಟ್ಟೆಯಲ್ಲಿರುವ ಸೇಬಿನತ್ತ ಕೈ ಚಾಚಿದ್ದಾಳೆ, ಎರಡನೆಯದರಲ್ಲಿ ಕಚ್ಚುತ್ತಿದ್ದಾಳೆ, ಮೂರನೆಯದರಲ್ಲಿ ತಟ್ಟೆಯಲ್ಲಿ ಸೇಬಿನ ಬೀಜವಿರುವ ನಡುಭಾಗವಷ್ಟೇ ಉಳಿದಿದೆ. ‘ಈಸ್ ಗೋಯಿಂಗ್ ಟು ಈಟ್’, ‘ಈಸ್ ಈಟಿಂಗ್’, ‘ಹ್ಯಾಸ್ ಈಟನ್’ ಎಂಬ ಮೂರು ರೂಪಗಳು ಈ ಮೂರು ಚೌಕಗಳಿಗೆ ಸರಿಯಾಗಿ ಹೊಂದುತ್ತವೆ. ಪಠ್ಯಪುಸ್ತಕದ ನಿಯಮದಲ್ಲಿ ಮಕ್ಕಳನ್ನು ಬಹಳವಾಗಿ ಕಾಡುವ ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ‘ಹ್ಯಾಸ್ ಈಟನ್’ ರೂಪ, ಇಲ್ಲಿ ಸರಳವಾಗಲು ಕಾರಣವೆಂದರೆ, ಮುಗಿದ ಕೆಲಸದ ಫಲ ಈಗಲೂ ಕಣ್ಣೆದುರಿಗೆ ಇದೆ ಎಂಬ ಅದರ ತಿರುಳನ್ನು ಆ ತಟ್ಟೆಯೇ ತೋರಿಸುತ್ತದೆ. ಆದರೆ ‘ಏಟ್’ ಎಂಬ ಭೂತಕಾಲದ ರೂಪಕ್ಕೂ ಅದೇ ಚಿತ್ರವನ್ನು ಬಳಸಿದರೆ ಎರಡೂ ಕಲಸಿಹೋಗುತ್ತವೆ. ಭೂತಕಾಲಕ್ಕೆ ಮೂಲೆಯಲ್ಲಿ ಒಂದು ಕ್ಯಾಲೆಂಡರ್ ಬರೆದು ನಿನ್ನೆಯ ದಿನಾಂಕವನ್ನು ಗುರುತಿಸಿ, ‘ಯೆಸ್ಟರ್‌ಡೇ’ ಎಂದು ಸೇರಿಸಿಯೇ ಹೇಳಿಸಿ.

ದಿನನಿತ್ಯದ ರೂಢಿಯನ್ನು ಒಂದು ಚಿತ್ರ ತೋರಿಸಲಾರದು. ಓದುತ್ತಿರುವ ಹುಡುಗನ ಚಿತ್ರ ತೋರಿಸಿ ‘ಹಿ ರೀಡ್ಸ್’ ಎಂದು ಬರೆಯುವ ಪುಸ್ತಕಗಳಿವೆ. ಚಿತ್ರ ಹೇಳುತ್ತಿರುವುದು ‘ಹಿ ಈಸ್ ರೀಡಿಂಗ್’ ಎಂದಾದ್ದರಿಂದ ಮಕ್ಕಳು ಗೊಂದಲಕ್ಕೆ ಬೀಳುವುದು ಸಹಜ. ವಾರದ ಏಳು ದಿನಗಳಿಗೆ ಏಳು ಸಣ್ಣ ಚೌಕಗಳನ್ನು ಎಳೆದು ಪ್ರತಿಯೊಂದರಲ್ಲೂ ಅದೇ ಹುಡುಗನನ್ನು, ಅದೇ ಪುಸ್ತಕವನ್ನು ಬರೆದಾಗ ಮಾತ್ರ ‘ರೀಡ್ಸ್’ ಎಂಬುದಕ್ಕೆ ಅರ್ಥ ಬರುತ್ತದೆ.

‘ಇನ್’, ‘ಆನ್’, ‘ಅಂಡರ್’ ಮುಂತಾದ ಪ್ರಿಪೊಸಿಷನ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಪೆಟ್ಟಿಗೆ, ಒಂದು ಚೆಂಡು ಇದ್ದರೆ ಸಾಕು. ‘ಎ’, ‘ದಿ’ ಎಂಬ ಆರ್ಟಿಕಲ್‌ಗಳು ಕಠಿಣ. ಕನ್ನಡದಲ್ಲಿ ಅವುಗಳಿಗೆ ಸಮನಾದದ್ದು ಇಲ್ಲದಿರುವುದರಿಂದ ಮಕ್ಕಳು ಅವನ್ನು ಬಿಟ್ಟೇ ಬಿಡುತ್ತಾರೆ. ಮೊದಲ ಚಿತ್ರದಲ್ಲಿ ಹಲವು ಗಾಳಿಪಟಗಳಿದ್ದು ಹುಡುಗ ಅವುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಿರಲಿ: ‘ಎ ಕೈಟ್’. ಎರಡನೆಯದರಲ್ಲಿ ಅವನು ಎತ್ತಿಕೊಂಡ ಪಟವೇ ಮರಕ್ಕೆ ಸಿಕ್ಕಿಕೊಂಡಿರಲಿ: ‘ದಿ ಕೈಟ್’. ಯಾವ ಪಟ ಎಂಬುದು ಹೇಳುವವರಿಗೂ ಕೇಳುವವರಿಗೂ ಈಗ ತಿಳಿದಿದೆ ಎಂಬ ಮುಖ್ಯ ಅಂಶವನ್ನು ಮಕ್ಕಳು ಈ ಜೋಡಿಯಿಂದ ಹಿಡಿದುಕೊಳ್ಳುತ್ತಾರೆ. ಒಂದೇ ದಿನದಲ್ಲಿ ಇದು ನೆಲೆಗೊಳ್ಳುವುದಿಲ್ಲ, ಬೇರೆ ಬೇರೆ ವಸ್ತುಗಳೊಂದಿಗೆ ಮತ್ತೆ ಮತ್ತೆ ಮಾಡಿಸಬೇಕು.

ಚೆನ್ನಾಗಿ ಚಿತ್ರ ಬರೆಯಲು ಬರುವುದಿಲ್ಲವೆಂದು ಹಿಂಜರಿಯಬೇಡಿ. ಕಡ್ಡಿಗೊಂಬೆಗಳೇ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಬಣ್ಣಬಣ್ಣದ ಛಾಯಾಚಿತ್ರದಲ್ಲಿ ಮಗುವಿನ ಗಮನ ಅಂಗಿಯ ಬಣ್ಣಕ್ಕೋ ಹಿಂದಿನ ಮನೆಗೋ ಹರಿದು, ನೀವು ತೋರಿಸಬೇಕೆಂದಿದ್ದ ವ್ಯತ್ಯಾಸ ಮರೆಯಾಗುತ್ತದೆ.

‘ಇಲ್ಲ’ ಎಂಬುದನ್ನು ಚಿತ್ರಿಸುವುದು ಹೇಗೆ ಎಂಬ ಪ್ರಶ್ನೆ ನಿಮಗೂ ಎದುರಾಗಬಹುದು. ಅದಕ್ಕೆ ಇಬ್ಬಿಬ್ಬರು ಮಕ್ಕಳನ್ನು ಎದುರುಬದುರಾಗಿ ಕೂರಿಸಿ, ನಾಲ್ಕೈದು ವ್ಯತ್ಯಾಸಗಳಿರುವ ಒಂದೇ ಕೋಣೆಯ ಎರಡು ಚಿತ್ರಗಳನ್ನು ಕೊಟ್ಟು, ಒಬ್ಬರದನ್ನು ಇನ್ನೊಬ್ಬರು ನೋಡಕೂಡದೆಂದು ಹೇಳಿ. ‘ಈಸ್ ದೇರ್ ಎ ಕ್ಯಾಟ್ ಅಂಡರ್ ದಿ ಚೇರ್?’ ಎಂದು ಒಬ್ಬರು ಕೇಳಬೇಕು, ‘ನೋ, ದೇರ್ ಈಸಂಟ್’ ಎಂದು ಇನ್ನೊಬ್ಬರು ಉತ್ತರಿಸಬೇಕು. ಪ್ರಶ್ನೆಯ ರೂಪ, ನಿಷೇಧದ ರೂಪ ಎರಡೂ ಇಲ್ಲಿ ನಿಜವಾದ ಬಳಕೆಗೆ ಬರುತ್ತವೆ.

ಮಕ್ಕಳು ಕಲಿತರೇ ಎಂದು ತಿಳಿಯಲು ಕ್ರಮವನ್ನು ತಿರುಗಿಸಿ: ವಾಕ್ಯವನ್ನು ನೀವು ಹೇಳಿ, ಚಿತ್ರವನ್ನು ಅವರು ಬರೆಯಲಿ. ‘ದಿ ಬಾಯ್ ಹ್ಯಾಸ್ ಬ್ರೋಕನ್ ದಿ ಕಪ್’ ಎಂದಾಗ ಕೈಯಲ್ಲಿ ಇಡೀ ಬಟ್ಟಲು ಹಿಡಿದ ಹುಡುಗನನ್ನು ಬರೆದ ಮಗುವಿಗೆ ಯಾವ ಜೋಡಿಯನ್ನು ಮತ್ತೊಮ್ಮೆ ತೋರಿಸಬೇಕೆಂಬುದು ನಿಮಗೆ ಅಲ್ಲಿಯೇ ತಿಳಿಯುತ್ತದೆ.